ತೈಲವರ್ತಿಕೆಯೂ ಹಸೆಗೋಡೆಯೂ

ಮಲೆನಾಡಿನ ಮಳೆಗಾಲದಲ್ಲಿ ನೀರುಬಣ್ಣದಿಂದ ಚಿತ್ರ ಬರೆಯಹೊರಡುವುದು ನೀರಿನ ಮೇಲೆಯೇ ಬರೆಯಹೊರಟಂತೆ. ಆಷಾಢದಲ್ಲಿ ಬರೆದುದು ಶ್ರಾವಣ ಬಂದರೂ ಆರದು. ಕಾಗದವು ಹಪ್ಪಳದಂತೆ ಡೊಂಕಾಗುವುದು. ಅಂಚಿನಿಂದ ಬೂಷ್ಟು ಹಿಡಿದು, ಬಾಲಕನು ಬರೆಯದ ಮೋಡಗಳು ಅವನ ಆಕಾಶದಲ್ಲಿ ತಾವಾಗಿಯೇ ಮೂಡುವುವು. ಸಾಗರದ ಸೀಮೆಯಲ್ಲಿ ಶರಾವತಿಯ ಹಿನ್ನೀರಿನ ದಂಡೆಯ ಮೇಲಿರುವ ಹೊನ್ನೆಮರಡಿನಂತಹ ಸ್ಥಳದಲ್ಲಂತೂ ಮುಂದೆಯೂ ನೀರು, ಮೇಲೆಯೂ ನೀರು. ಇಂತಹ ಕಡೆಯ ಮಕ್ಕಳ ಕೈಗೆ ಎಣ್ಣೆಬಣ್ಣದ ಕಡ್ಡಿಗಳು ಬಂದುದು ದೊಡ್ಡ ಉಪಕಾರವೆಂದೇ ಹೇಳತಕ್ಕದ್ದು. ಅಂಗಡಿಯವರು ಇವುಗಳನ್ನು ‘ಆಯಿಲ್ ಪ್ಯಾಸ್ಟೆಲ್’ ಎಂದು ಮಾರುವರು. ಬಣ್ಣದ ಪುಡಿಯನ್ನು ಮೇಣದೊಡನೆಯೂ, ಎಂದಿಗೂ ಒಣಗದ ಒಂದು ಬಗೆಯ ಎಣ್ಣೆಯೊಡನೆಯೂ ಕಲಸಿ ಕಿರುಬೆರಳಿನ ಗಾತ್ರಕ್ಕೆ ಅಚ್ಚುಹೊಯ್ದುದೇ ಈ ವಸ್ತು. ಇದಕ್ಕೆ ನೀರು ಬೇಡ, ಕುಂಚ ಬೇಡ. ಒಣಗಲೆಂದು ಕಾಯತಕ್ಕದ್ದಿಲ್ಲ, ಏಕೆಂದರೆ ಅದು ಒಣಗುವುದೇ ಇಲ್ಲ. ಮಳೆ ಹೊಯ್ಯುತ್ತಿರಲಿ, ಜಗಲಿಯ ಮೇಲೆ ಕುಳಿತು ಬರೆಯಬಹುದು.

ಹೆಸರು ಮಾತ್ರ ಪರಕೀಯವೆಂದು ಕೊರಗುವವರಿಗೆ ಒಂದು ಸಮಾಧಾನವುಂಟು. ಬಣ್ಣದ ಕಡ್ಡಿಗೆ ಸಂಸ್ಕೃತದಲ್ಲಿ ‘ವರ್ತಿಕಾ’ ಎಂಬ ಶಬ್ದವು ಬಹು ಹಿಂದಿನಿಂದಲೂ ಇದೆ. ಶಾಕುಂತಲದ ಆರನೆಯ ಅಂಕದಲ್ಲಿ ದುಷ್ಯಂತನು ನೆನಪಿನಿಂದ ಶಕುಂತಲೆಯ ಚಿತ್ರವನ್ನು ಬರೆಯುತ್ತಿರುವಾಗ, ಅವನಿಗಾಗಿ ಚೇಟಿಯು ವರ್ತಿಕೆಗಳ ಕರಂಡಕವನ್ನು ತರುತ್ತಿರಲು ರಾಣಿಯು ನಡುದಾರಿಯಲ್ಲಿಯೇ ಅದನ್ನು ಕಿತ್ತುಕೊಳ್ಳುವಳಷ್ಟೆ. ಬಣ್ಣದ ಪೆಟ್ಟಿಗೆಗಾಗಿ ಜಗಳವಾಡುವುದು ಶಾಲೆಯ ಮಕ್ಕಳಿಂದ ಆರಂಭವಾದುದಲ್ಲ! ‘ವರ್ತಿ’ಯು ತದ್ಭವವಾಗಿ ನಮ್ಮ ಅಡುಗೆಮನೆಯ ‘ಬತ್ತಿ’ಯಾಯಿತು. ಆದುದರಿಂದ ಈ ಕಡ್ಡಿಯನ್ನು ತೈಲವರ್ತಿಕೆಯೆಂದು ಕರೆದರೆ ಯಾರಿಗೂ ಅಪಚಾರವಾಗಲಾರದು.

ಇದಕ್ಕಿಂತಲೂ ಹತ್ತಿರದ ಸಾಕ್ಷಿಯೊಂದು ಕನ್ನಡನಾಡಿನಲ್ಲಿಯೇ ದೊರೆಯುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ವರ್ತಿಕೆಯನ್ನು ಮಾಡುವ ಕ್ರಮವು ಹೇಳಲ್ಪಟ್ಟಿದೆ. ದೀಪದ ಕಾಡಿಗೆಯನ್ನು ಬೆಂದ ಅನ್ನದೊಡನೆ ಚೆನ್ನಾಗಿ ಮರ್ದಿಸಿ ಬತ್ತಿಯಂತೆ ಹೊಸೆಯಬೇಕು, ಅದೇ ವರ್ತಿಕೆ. ಇಲ್ಲಿ ಅನ್ನಕ್ಕೆ ಬಳಸಿರುವ ಮಾತು ‘ಸಿಕ್ಥ’ ಎಂಬುದು. ಮೇಣಕ್ಕೂ ಸಂಸ್ಕೃತದಲ್ಲಿ ಅದೇ ಹೆಸರು. ಹೀಗೆ ಅನ್ನದ ಬತ್ತಿಯೂ ಮೇಣದ ಬತ್ತಿಯೂ ಶಬ್ದದ ಮಟ್ಟಿಗಾದರೂ ಒಂದೇ ಮನೆಯವು. ಅನ್ನದಿಂದ ಕಪ್ಪುಬಣ್ಣವನ್ನು ಮಾಡಿಕೊಳ್ಳುವ ಕೈಗಳು ಸಾಗರದ ಸೀಮೆಯಲ್ಲಿ ಇನ್ನೂ ಇವೆ. ಆ ಕೈಗಳಿಗೂ ಹೊಸ ಕಡ್ಡಿಗೂ ಹೇಗೆ ಗಂಟುಹಾಕಬೇಕೆಂಬುದೇ ಇಲ್ಲಿಯ ವಿಚಾರ.

ಅದಕ್ಕೆ ಮೊದಲು ಈ ಕಡ್ಡಿಯ ಜನ್ಮವೃತ್ತಾಂತವನ್ನು ಸ್ವಲ್ಪ ಹೇಳಬೇಕು. ಇದು ಹುಟ್ಟಿದುದು ಚಿತ್ರಕಾರರ ರಾಜಧಾನಿಯಾದ ಪ್ಯಾರಿಸಿನಲ್ಲೆಂದು ಅನೇಕರು ತಿಳಿದಿರುವರು. ೧೯೪೯ರಲ್ಲಿ ಪಿಕಾಸೋ ಎಂಬ ಮಹಾಕಲಾವಿದನಿಗಾಗಿ, ಅವನ ಮಿತ್ರನಾದ ಆಂರಿ ಗೋಯೆಟ್ಸ್ ಎಂಬುವನ ಕೋರಿಕೆಯಂತೆ, ಅಲ್ಲಿಯ ಸೆನೆಲಿಯೇ ಎಂಬ ಬಣ್ಣದ ವ್ಯಾಪಾರಿಗಳು ಉತ್ತಮವಾದ ತೈಲವರ್ತಿಕೆಗಳನ್ನು ಮಾಡಿಕೊಟ್ಟುದು ನಿಜ. ಆದರೆ ಅದಕ್ಕೆ ಸುಮಾರು ಕಾಲು ಶತಮಾನ ಮೊದಲೇ ಜಪಾನಿನಲ್ಲಿ ಈ ಕಡ್ಡಿಯು ಹುಟ್ಟಿತ್ತು. ಹುಟ್ಟಿದುದು ಮಹಾಕಲಾವಿದರಿಗಾಗಿ ಅಲ್ಲ, ಹಳ್ಳಿಯ ಶಾಲೆಯ ಹುಡುಗರಿಗಾಗಿ.

ಯಾಮಾಮೊಟೊ ಕಾನಾಯೆ (೧೮೮೨–೧೯೪೬) ಎಂಬುವನು ಮರದಚ್ಚಿನ ಚಿತ್ರಗಳಲ್ಲಿ ನಿಪುಣನು. ಅವನು ಯೂರೋಪಿನಲ್ಲಿ ಕೆಲವು ವರ್ಷಗಳಿದ್ದು, ೧೯೧೬ರಲ್ಲಿ ರಷ್ಯದ ಮಾರ್ಗವಾಗಿ ಸ್ವದೇಶಕ್ಕೆ ಹಿಂದಿರುಗುವಾಗ ಅಲ್ಲಿ ಮಕ್ಕಳ ಚಿತ್ರಗಳನ್ನೂ ರೈತರ ಕೈಗೆಲಸಗಳನ್ನೂ ಕಂಡು ಬೆರಗಾದನು. ಆಗ ಜಪಾನಿನ ಶಾಲೆಗಳಲ್ಲಿ ಚಿತ್ರಪಾಠವೆಂದರೆ ಮೇಲ್ಪಂಕ್ತಿಯ ಪುಸ್ತಕವನ್ನು ಮುಂದಿಟ್ಟುಕೊಂಡು ಅದರಲ್ಲಿರುವುದನ್ನು ಗೆರೆಗೆ ಗೆರೆ ಇಳಿಸುವುದಾಗಿದ್ದಿತು. ಮಗುವು ತನ್ನ ಕಣ್ಣಿನಿಂದ ಕಂಡುದನ್ನು ತನ್ನ ಕೈಯಿಂದ ಬರೆಯಲಿ ಎಂದು ಅವನು ವಾದಿಸಿದನು. ೧೯೧೯ರಲ್ಲಿ ನಾಗಾನೊ ಪ್ರಾಂತದ ಕಾಂಗಾವಾ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಸ್ವತಂತ್ರ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದನು. ಅದೇ ವರ್ಷದ ಚಳಿಗಾಲದಲ್ಲಿ ಅದೇ ಊರಿನಲ್ಲಿ ರೈತರನ್ನು ಸೇರಿಸಿ, ಹಿಮ ಬಿದ್ದು ಹೊಲದ ಕೆಲಸ ನಿಂತಿರುವ ತಿಂಗಳುಗಳಲ್ಲಿ ಮರದ ಕೆತ್ತನೆ ಮೊದಲಾದುವನ್ನು ಕಲಿಸತೊಡಗಿದನು. ಮಕ್ಕಳ ಚಿತ್ರವೂ ರೈತರ ಕಲೆಯೂ ಅವನಿಗೆ ಎರಡು ಬೇರೆ ಬೇರೆ ಕಾರ್ಯಗಳಾಗಿರಲಿಲ್ಲ.

ಅವನ ಬರಹಗಳಿಂದ ಉತ್ತೇಜಿತರಾದವರಲ್ಲಿ ಸಟಾಕೆ ರಿಂಜೊ, ಸಸಾಕಿ ಶೂಕು ಎಂಬ ಇಬ್ಬರು ಉಪಾಧ್ಯಾಯರಿದ್ದರು. ಇವರು ಬಂಧುಗಳೂ ಹೌದು. ಮೇಣದ ಗಟ್ಟಿ ಕಡ್ಡಿಗಳು ಬಣ್ಣವನ್ನು ಧಾರಾಳವಾಗಿ ಬಿಡವು. ಪುಡಿಯ ಕಡ್ಡಿಗಳಾದರೋ ಬಣ್ಣವನ್ನು ಬಿಟ್ಟರೂ ಕಾಗದದ ಮೇಲೆ ನಿಲ್ಲವು. ಇವೆರಡರ ಗುಣಗಳನ್ನೂ ಕೂಡಿಸಬೇಕೆಂಬ ಹಟದಿಂದ ೧೯೨೦ರ ದಶಕದ ಮಧ್ಯಭಾಗದಲ್ಲಿ ಅವರ ಸಂಸ್ಥೆಯು ‘ಕ್ರೇಪಾಸ್’ ಎಂಬ ಕಡ್ಡಿಯನ್ನು ಹೊರತಂದಿತು; ಮುಂದೆ ಸಕುರಾ ಎಂದು ಪ್ರಸಿದ್ಧವಾದುದು ಇದೇ ಸಂಸ್ಥೆ. ಮೊದಮೊದಲು ಕಡ್ಡಿಯು ಸೆಕೆಯಲ್ಲಿ ಕರಗುವುದು, ಚಳಿಯಲ್ಲಿ ಸೆಟೆಯುವುದು. ಆದುದರಿಂದ ಬೇಸಗೆಗೊಂದು ಬಗೆ, ಚಳಿಗಾಲಕ್ಕೊಂದು ಬಗೆ ಎಂದು ಮಾಡಿದ್ದರಂತೆ. ಸೌದೆಯಂತೆ ಬಣ್ಣವನ್ನೂ ಋತುವರಿತು ಕೊಳ್ಳಬೇಕಾಗಿದ್ದ ಆ ಕಾಲವನ್ನು ನೆನೆದರೆ ನಗು ಬರುವುದು. ಆದರೆ ಇಬ್ಬರು ಉಪಾಧ್ಯಾಯರ ಈ ಪರಿಶ್ರಮವನ್ನು ನೆನೆದರೆ ಕೈ ತಾನಾಗಿ ಮುಗಿಯುವುದು.

ಇನ್ನು ಹೊನ್ನೆಮರಡಿಗೆ ಬರಬಹುದು. ಹೊನ್ನೆಯ ಮರವು ಊರಿನ ಹೆಸರಿನಲ್ಲಿಯೇ ಇರುವಂತೆ ತೋರುವುದು. ಆ ಮರದ ತೊಗಟೆಯನ್ನು ಕಚ್ಚುಮಾಡಿದರೆ ರಕ್ತದಂತಹ ಅಂಟು ಒಸರುವುದನ್ನು ಮಲೆನಾಡಿಗರು ಬಲ್ಲರು. ಈಗ ಊರಿನ ಎದುರಿಗೆ ಹರಡಿರುವ ಜಲರಾಶಿಯು ದೇವರು ಕೊಟ್ಟುದಲ್ಲ. ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನಿಂದ ನಿಂತ ನೀರು ಅದು. ನೋಡಬಂದ ಪ್ರವಾಸಿಗಳು ಸೂರ್ಯಾಸ್ತವನ್ನು ಹೊಗಳಿ ಹೋಗುವರು. ನೀರಿನ ಕೆಳಗೆ ಗದ್ದೆಗಳಿವೆ, ಅಂಗಳಗಳಿವೆ, ತುಳಸಿಕಟ್ಟೆಗಳಿವೆ. ಬೇಸಗೆಯಲ್ಲಿ ನೀರು ಇಳಿದಾಗ ಬೋಳುಮರಗಳ ಬೊಡ್ಡೆಗಳು ತಲೆದೋರಿ, ಇಲ್ಲೊಂದು ಲೋಕವಿದ್ದಿತೆಂದು ಸಾರುವುವು. ಆ ಲೋಕದ ಜನರು ಸಾಗರ, ಹೊಸನಗರ, ಸೊರಬ, ಶಿವಮೊಗ್ಗಗಳ ಕಾಡಂಚಿಗೆ ಚದರಿಹೋದರು. ಇಡೀ ನಾಡಿಗೆ ದೀಪ ಹಚ್ಚಿದ ಆ ಕುಟುಂಬಗಳಲ್ಲಿ ಎಷ್ಟೋ ಮನೆಗಳಿಗೆ ನಿಂತ ನೆಲದ ಹಕ್ಕುಪತ್ರವು ಬಹುಕಾಲದವರೆಗೂ ಕೈಸೇರಲಿಲ್ಲ.

ಈ ಸೀಮೆಯಲ್ಲಿ ದೀವರ ಸಮಾಜದ ಹೆಂಗಸರು ಬರೆಯುವ ಹಸೆ ಚಿತ್ತಾರವು ಪ್ರಸಿದ್ಧವಾದುದು. ಮದುವೆಯ ಮನೆಯಲ್ಲಿ ಮದುಮಕ್ಕಳು ಕುಳಿತುಕೊಳ್ಳುವ ಸ್ಥಳದ ಹಿಂದಣ ಗೋಡೆಯನ್ನು ಕೆಮ್ಮಣ್ಣಿನಿಂದ ಸಾರಿಸುವರು. ಅಕ್ಕಿಯನ್ನು ನೆನೆಸಿ ಅರೆದ ಹಿಟ್ಟು ಬಿಳಿಯ ಬಣ್ಣ, ಅಕ್ಕಿಯನ್ನು ಕರಿಕಾಗುವಂತೆ ಹುರಿದು ಅರೆದುದು ಕಪ್ಪು, ಗುರಿಗೆಕಾಯಿಯಿಂದ ಹಳದಿ. ಪುಂಡಿಯ ನಾರೇ ಕುಂಚ. ಅಳತೆಯ ಪಟ್ಟಿಯಿಲ್ಲ, ಒರೆಸಿ ತಿದ್ದುವ ಉಪಾಯವಿಲ್ಲ. ಎಳೆಯ ಪಕ್ಕದಲ್ಲಿ ಎಳೆ, ಅದರ ಪಕ್ಕದಲ್ಲಿ ಇನ್ನೊಂದು ಎಳೆ, ಹೀಗೆ ಚೌಕಟ್ಟು ಬೆಳೆದು, ಅದರೊಳಗೆ ಮದುಮಕ್ಕಳ ಗೊಂಬೆಗಳು, ದಂಡಿಗೆ, ತೇರು, ಭತ್ತದ ತೆನೆ, ಹಕ್ಕಿಗಳು ಮೂಡುವುವು. ಬರೆಯುವಾಗ ಹಾಡುವರು, ಹಾಡು ನಿಂತರೆ ಕೈಯೂ ನಿಲ್ಲುವುದು. ವಿಷ್ಣುಧರ್ಮೋತ್ತರ ಪುರಾಣದಲ್ಲಿ ಮಾರ್ಕಂಡೇಯನು ವಜ್ರನೃಪನಿಗೆ, ಚಿತ್ರವನ್ನರಿಯಲು ನೃತ್ತವನ್ನೂ, ಅದನ್ನರಿಯಲು ವಾದ್ಯವನ್ನೂ, ಅದಕ್ಕೂ ಮೊದಲು ಗೀತವನ್ನೂ ಅರಿಯಬೇಕೆಂದು ತಿಳಿಸಿದನಷ್ಟೆ. ಪಾಠಶಾಲೆಯಲ್ಲಿ ಇದನ್ನು ವ್ಯಾಖ್ಯಾನಸಹಿತವಾಗಿ ಓದಿದವರೂ ಹಸೆಗೋಡೆಯ ಮುಂದೆ ಒಂದು ಸಂಜೆ ಕುಳಿತಮೇಲೆಯೇ ಅದರ ಅರ್ಥವನ್ನು ಕಾಣಬಲ್ಲರು.

ಗೋಡೆಯಲ್ಲದೆ ಬುಟ್ಟಿಯ ಮೇಲೆಯೂ ಚಿತ್ತಾರವುಂಟು. ಆಶ್ವೀಜದ ಹುಣ್ಣಿಮೆಯನ್ನು ಇಲ್ಲಿ ಭೂಮಿ ಹುಣ್ಣಿಮೆಯೆನ್ನುವರು; ತೆನೆಗಟ್ಟಿದ ಗದ್ದೆಯನ್ನು ಬಸುರಿಯೆಂದು ಭಾವಿಸಿ, ಬಯಕೆಯ ಊಟವನ್ನು ಅವಳಿಗೆ ಒಯ್ದು ಬಡಿಸುವ ಹಬ್ಬ. ಆ ಊಟವನ್ನು ಹೊತ್ತೊಯ್ಯುವ ಭೂಮಣ್ಣಿ ಬುಟ್ಟಿಗೆ ಸಗಣಿ, ಕೆಮ್ಮಣ್ಣುಗಳನ್ನು ಬಳಿದು ಹೆಂಗಸರು ದಿನಗಟ್ಟಲೆ ಚಿತ್ತಾರ ಬರೆಯುವರು. ೧೯೫೧ರ ಕಾಗೋಡು ಸತ್ಯಾಗ್ರಹದ ಹೊತ್ತಿನಲ್ಲಿ ಗೇಣಿಯ ಕೊಳಗದ ಅಳತೆಗಾಗಿ ಹೋರಾಡಿದವರು ಇದೇ ಸಮಾಜದ ರೈತರು. ಕಾಗದದಲ್ಲಿ ತಮ್ಮದಾಗಿರದ ಭೂಮಿಗೆ ಇಷ್ಟು ಅಂದದ ಬುಟ್ಟಿಯಲ್ಲಿ ಉಣಬಡಿಸುತ್ತಿದ್ದ ಜನರ ಔದಾರ್ಯವನ್ನು ವಾಚಕರೇ ಊಹಿಸಿಕೊಳ್ಳಲಿ.

ಮಣ್ಣಿನ ಗೋಡೆಗಳು ಈಗ ವಿರಳವಾಗಿವೆ. ಸಿಮೆಂಟಿನ ಗೋಡೆಗೆ ಕೆಮ್ಮಣ್ಣು ಹಿಡಿಯದು. ಛತ್ರದ ಮದುವೆಗೆ ಹಸೆಗೋಡೆಯೇ ಇಲ್ಲ. ಗೋಡೆಯು ಹೋದರೆ ಕೈಯಾದರೂ ಉಳಿಯಬೇಕಷ್ಟೆ.

ಹಿನ್ನೀರಿನ ಬದಿಯ ಒಂದು ಮನೆಯಲ್ಲಿ ನಡೆದ ಸಂಗತಿಯಿದು. ಶಾಲೆಯ ಉಪಾಧ್ಯಾಯರೊಬ್ಬರು ತಮ್ಮ ಕೈಯ ಹಣದಿಂದ ಎರಡು ಪೆಟ್ಟಿಗೆ ತೈಲವರ್ತಿಕೆಗಳನ್ನು ತಂದು, ಮಕ್ಕಳು ಸರದಿಯಂತೆ ಮನೆಗೆ ಒಯ್ಯಲೆಂದು ಕೊಟ್ಟಿದ್ದರು. ಭಾದ್ರಪದದ ಒಂದು ಸಂಜೆ ಪೆಟ್ಟಿಗೆಯು ಒಬ್ಬ ಹುಡುಗಿಯ ಸರದಿಗೆ ಬಂದಿತು. ಅವಳು ಕಲಿತಿದ್ದಂತೆ ಎರಡು ಗುಡ್ಡಗಳು, ಅವುಗಳ ನಡುವೆ ಉದಯಸೂರ್ಯ, ಒಂದು ಹೊಳೆ, ಹೊಳೆಯ ದಡದಲ್ಲಿ ಒಂದು ತೆಂಗಿನಮರ, ಇಷ್ಟನ್ನು ಬರೆಯತೊಡಗಿದಳು. ನಾಡಿನ ಸಕಲ ಶಾಲೆಗಳ ಸಕಲ ಬಾಲಕರೂ ಬರೆಯುವ ಚಿತ್ರವಿದು. ಇಷ್ಟು ತೆಂಗಿನಮರಗಳನ್ನು ನೆಲದಲ್ಲಿ ನೆಟ್ಟಿದ್ದರೆ ಕಾಯಿಗೆ ಬರವೇ ಇರುತ್ತಿರಲಿಲ್ಲ. ಆ ಹುಡುಗಿಯ ಮನೆಯ ಎದುರಿಗೆ ಸೂರ್ಯನು ಮುಳುಗುವುದು ನೀರಿನಲ್ಲಿ, ಬೋಳುಬೊಡ್ಡೆಗಳ ಸಾಲಿನ ಹಿಂದೆ. ಅದು ಮಾತ್ರ ಕಾಗದಕ್ಕೆ ಬಂದಿರಲಿಲ್ಲ.

ಅವಳ ಅಜ್ಜಿಯು ಪ್ರಾಯದಲ್ಲಿ ಹತ್ತಾರು ಮದುವೆಗಳಿಗೆ ಹಸೆ ಬರೆದವಳು. ಮೊಮ್ಮಗಳ ಪಕ್ಕದಲ್ಲಿ ಕುಳಿತು, ಬಿಳಿಯ ಕಡ್ಡಿಯನ್ನೆತ್ತಿಕೊಂಡು, ಕಾಗದದ ಮೂಲೆಯಲ್ಲಿ ಒಂದು ಎಳೆಯನ್ನು ತೆಗೆದು ನೋಡಿದಳು. ಅದು ಹಗ್ಗದಷ್ಟು ದಪ್ಪವಾಗಿ ಬಂದಿತು. “ಬಳಿಯೋಕೆ ಅಡ್ಡಿಲ್ಲ ಮಗಾ, ಎಳೆ ಬರೆಯೋಕೆ ಬರಾದಿಲ್ಲ” ಎಂದು ಕಡ್ಡಿಯನ್ನು ಪೆಟ್ಟಿಗೆಯಲ್ಲಿಟ್ಟುಬಿಟ್ಟಳು. ಈ ತೀರ್ಪಿನಲ್ಲಿ ಲವಲೇಶವೂ ತಪ್ಪಿಲ್ಲ. ತೈಲವರ್ತಿಕೆಯ ದೊಡ್ಡ ದೋಷವೇ ಅದು. ಆಚಾರ್ಯರು ಮೆಚ್ಚುವುದು ರೇಖೆಯನ್ನು, ಬಣ್ಣದ ಸಮೃದ್ಧಿಗೆ ಮರುಳಾಗುವವರು ಉಳಿದವರು ಎಂಬರ್ಥದ ಮಾತೊಂದು ಚಿತ್ರಸೂತ್ರದಲ್ಲಿದೆ. ಆ ಅಳತೆಯಿಂದ ನೋಡಿದರೆ ಅಜ್ಜಿಯು ಆಚಾರ್ಯಪೀಠದಲ್ಲಿ ಕುಳಿತವಳು.

ದಾರಿಯನ್ನು ತೋರಿದುದು ಒಂದು ತಪ್ಪು. ಹುಡುಗಿಯು ಹಳದಿಯ ಮೇಲೆ ಕೆಂಪನ್ನು ಮೆತ್ತಿ, ಅದು ಹೆಚ್ಚಾಯಿತೆಂದು ಉಗುರಿನಿಂದ ಕೆರೆದಳು. ಕೆರೆದ ಕಡೆಯಲ್ಲಿ ಅಡಿಯ ಹಳದಿಯು ಕೂದಲಿನಂತಹ ಗೆರೆಯಾಗಿ ಹೊಳೆಯಿತು. ಅಜ್ಜಿಯು ಅದನ್ನು ಕಂಡಳು. ಮಾತನಾಡದೆ ಎದ್ದು, ಕಸಬರಿಗೆಯಿಂದ ಒಂದು ತೆಂಗಿನ ಕಡ್ಡಿಯನ್ನು ಕಿತ್ತು, ತುದಿಯನ್ನು ಹಲ್ಲಿನಿಂದ ಕಚ್ಚಿ ಚೂಪುಮಾಡಿ ತಂದಳು. ಇನ್ನೊಂದು ಕಾಗದಕ್ಕೆ ಮೊದಲು ಬಿಳಿಯನ್ನು ಒತ್ತಾಗಿ ಬಳಿಯಿಸಿ, ಅದರ ಮೇಲೆ ಕೆಮ್ಮಣ್ಣಿನ ಬಣ್ಣವನ್ನು ಮುಚ್ಚಿಸಿ, ಕಡ್ಡಿಯಿಂದ ಗೀರಿದಳು. ಕೆಂಪಿನಲ್ಲಿ ಬಿಳಿಯ ಎಳೆಯು ಬಂದಿತು. ಗೋಡೆಯಲ್ಲಿ ಕೆಂಪು ಕೆಳಗೆ, ಬಿಳಿ ಮೇಲೆ. ಇಲ್ಲಿ ಬಿಳಿ ಕೆಳಗೆ, ಕೆಂಪು ಮೇಲೆ. ಲೋಕದ ಚಿತ್ರಕಾರರು ಈ ಗೀರುವ ಕ್ರಮವನ್ನು ಬಲ್ಲರು, ಪುಸ್ತಕಗಳಲ್ಲಿಯೂ ಬರೆದಿರುವರು. ಆದರೆ ಆ ಜಗಲಿಯ ಮೇಲೆ ಅದನ್ನು ಯಾರೂ ಓದಿಕೊಂಡು ಬಂದಿರಲಿಲ್ಲ.

ಮರುದಿನ ನೆರೆಮನೆಯ ಇಬ್ಬರು ಬಂದರು. ಮೂರನೆಯ ದಿನ ಸೊಸೆಯೂ ಒಲೆಯ ಕೆಲಸವನ್ನು ಬೇಗನೆ ಮುಗಿಸಿ ಬಂದು ಕುಳಿತಳು. ಅಂಚನ್ನು ಒಬ್ಬಳು, ದಂಡಿಗೆಯನ್ನು ಒಬ್ಬಳು, ತೆನೆಗಳನ್ನು ಒಬ್ಬಳು ವಹಿಸಿಕೊಂಡರು. ಹುಡುಗಿಗೆ ಬಳಿಯುವ ಕೆಲಸ. ಮೊದಲು ಗುನುಗು, ಆಮೇಲೆ ಹಾಡು. ಪೆಟ್ಟಿಗೆಯ ಸರದಿಯು ತಪ್ಪಿತೆಂದು ವಿಚಾರಿಸಲು ಬಂದ ಉಪಾಧ್ಯಾಯರು ಬಾಗಿಲಲ್ಲಿಯೇ ನಿಂತುಬಿಟ್ಟರು.

ಅವರಿಗೆ ಆದ ಆನಂದದಲ್ಲಿ ಒಂದು ಅವಿವೇಕವೂ ನಡೆಯಿತು. ಆ ತಿಂಗಳಿನಲ್ಲಿಯೇ ಮಕ್ಕಳ ಚಿತ್ರಸ್ಪರ್ಧೆಯೊಂದಿದ್ದಿತು. ಕಾಗದವನ್ನು ಅಲ್ಲಿಗೆ ಕಳುಹಿಸೋಣವೆಂದರು. ಅರ್ಜಿಯ ನಮೂನೆಯಲ್ಲಿ ಹೆಸರಿಗೆ ಒಂದೇ ಗೆರೆಯಿದ್ದಿತು. “ಯಾರ ಹೆಸರು ಬರೆಯಲಿ?” ಎಂದು ಕೇಳಿದರು. ಅಜ್ಜಿಯು, “ಹಸೆಗೆ ಯಾರಾದರೂ ಹೆಸರು ಬರೀತಾರಾ ಮಾಸ್ತ್ರೇ? ಮದುಮಕ್ಕಳ ಹೆಸರು ಅಂದರೆ ಬೇರೆ ಮಾತು” ಎಂದಳು. ಉಪಾಧ್ಯಾಯರು ಹುಡುಗಿಯ ಹೆಸರನ್ನು ಬರೆದು, ಮನೆಯವರೂ ಕೈಗೂಡಿಸಿರುವರೆಂದು ಪ್ರಾಮಾಣಿಕತೆಗಾಗಿ ಕೆಳಗೆ ಸೂಚಿಸಿದರು. ಒಬ್ಬರಿಗಿಂತ ಹೆಚ್ಚು ಜನರ ಕೆಲಸವೆಂಬ ಕಾರಣದಿಂದ ಚಿತ್ರವು ಹಿಂದಿರುಗಿ ಬಂದಿತು. ತೆಂಗಿನಮರವೊಂದಕ್ಕೆ ಬಹುಮಾನವಾಯಿತೆಂದು ಕೇಳಿಕೆ.

ನಿಯಮಗಳನ್ನು ಮಾಡಿದವರ ಮೇಲೆ ಕೋಪಿಸಿಕೊಂಡು ಪ್ರಯೋಜನವಿಲ್ಲ. ಮಕ್ಕಳ ಸ್ಪರ್ಧೆಗೆ ಅಜ್ಜಿಯ ಕೈಯನ್ನು ಅವರು ಹೇಗೆ ಒಪ್ಪಿಯಾರು? ತಪ್ಪು ಇರುವುದು ಬೇರೆಡೆಯಲ್ಲಿ. ನಾಲ್ಕು ಜನ ಕೂಡಿ ಮಾಡುವ ಕೆಲಸದಿಂದ ಒಬ್ಬಳನ್ನು ಎಳೆದು ತೆಗೆದು ಗೆಲ್ಲಿಸುವುದನ್ನೇ ಕಲೆಯ ಪ್ರೋತ್ಸಾಹವೆಂದು ತಿಳಿಯುವುದರಲ್ಲಿ ಅದು ಇದೆ. ಕಲಾವಿದರ ಮಂಡಲಿಯನ್ನು ಕಟ್ಟಬೇಕೆನ್ನುವವರು ಮೊದಲು ಅಧ್ಯಕ್ಷರನ್ನೂ, ಆಮೇಲೆ ಕಾರ್ಯದರ್ಶಿಯನ್ನೂ, ಕೊನೆಗೆ ಕಲಾವಿದರನ್ನೂ ಹುಡುಕುವರು. ಆ ಜಗಲಿಯಲ್ಲಿ ಮೂರು ದಿನಗಳಲ್ಲಿ ಕೂಡಿದ್ದ ಮಂಡಲಿಗೆ ಇವರಲ್ಲಿ ಯಾರೂ ಬೇಕಾಗಿರಲಿಲ್ಲ. ಬೇಕಾಗಿದ್ದುದು ಒಂದು ನಿಮಿತ್ತ, ಒಂದು ಪೆಟ್ಟಿಗೆ, ಸ್ವಲ್ಪ ಬಿಡುವು.

ಹಾಗೆಂದು ಹೆಸರು ಬೇಡವೆಂಬ ಮಾತನ್ನು ತೀರ ಹಾಡಿ ಹೊಗಳುವುದೂ ಸರಿಯಲ್ಲ. ಹಸೆಯ ಗೊಂಬೆಗಳು ಈಗ ಚೀಲಗಳ ಮೇಲೆ, ಕರೆಯೋಲೆಗಳ ಮೇಲೆ, ಪಟ್ಟಣದ ಗೋಡೆಗಳ ಮೇಲೆ ಕುಳಿತಿವೆ. ಅವುಗಳನ್ನು ಕಂಡುಹಿಡಿದ ಹೆಂಗಸರ ಹೆಸರೂ ಅಲ್ಲಿಲ್ಲ, ಅವರ ಸೆರಗಿಗೆ ಬಿದ್ದ ಕಾಸೂ ಇಲ್ಲ. ಹೆಸರು ಹಾಕದಿರುವುದು ಮದುವೆಯ ಮನೆಯಲ್ಲಿ ವಿನಯ. ಪೇಟೆಯಲ್ಲಿ ಅದು ನಷ್ಟ. ಹೊಸ ಮಂಡಲಿಯ ಕಾಗದಗಳ ಹಿಂಬದಿಯಲ್ಲಿ ಬಳಿದವಳು, ಗೀರಿದವಳು, ಹಾಡಿದವಳು, ಎಲ್ಲರ ಹೆಸರೂ ಇರತಕ್ಕದ್ದು. ಹಾಗೆಯೇ ಮದುವೆಯ ಹಸೆಗೆ ಮೇಣದ ಕಡ್ಡಿಯನ್ನು ಒಯ್ಯಬಾರದು; ಅಲ್ಲಿ ಅಕ್ಕಿಯೇ ಇರಬೇಕು. ಕಾಗದವು ಕೈಯನ್ನು ಕಾಪಾಡುವ ಗರಡಿಯೇ ಹೊರತು ಗೋಡೆಯ ಉತ್ತರಾಧಿಕಾರಿಯಲ್ಲ.

ಕಾಂಗಾವಾದ ಕಥೆಯಲ್ಲಿ ಇನ್ನೊಂದು ಭಾಗವಿದೆ. ಯಾಮಾಮೊಟೊ ಕಟ್ಟಿದ ರೈತಕಲೆಯ ಸಂಸ್ಥೆಯು ಸರಕಾರದ ಸಹಾಯಧನದಿಂದ ಬೆಳೆದು, ಆ ಧನವು ನಿಂತಮೇಲೆ ೧೯೩೦ರ ದಶಕದಲ್ಲಿ ಬಾಗಿಲು ಮುಚ್ಚಿತು. ಆದರೂ ಆ ಸೀಮೆಯ ಮರಗೆತ್ತನೆಯು ಇಂದಿಗೂ ನಿಂತಿಲ್ಲ. ಮನೆಗಳಲ್ಲಿ ಬೇರೂರಿದ್ದುದು ಮನೆಗಳಲ್ಲಿ ಉಳಿಯಿತು. ದೂರದ ದೃಷ್ಟಾಂತವು ಬೇಡವೆನ್ನುವವರಿಗೆ ಸಾಗರದ ಮಗ್ಗುಲಲ್ಲಿಯೇ ಹೆಗ್ಗೋಡಿದೆ. ೧೯೪೯ರಲ್ಲಿ ಕೆ. ವಿ. ಸುಬ್ಬಣ್ಣ ಮೊದಲಾದವರು ಸೇರಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘವನ್ನು ಆರಂಭಿಸಿದಾಗ ಅದು ಅಡಿಕೆ ತೋಟದ ಕೆಲಸ ಮುಗಿಸಿ ಬಂದವರ ನಾಟಕದ ಕೂಟವಾಗಿದ್ದಿತು. ರಂಗಶಿಕ್ಷಣದ ಶಾಲೆಯು ಬಂದುದು ೧೯೮೦ರಲ್ಲಿ. ಸಮೀಪದ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಂಗಸರು ಅಡಿಕೆಯ ಚೊಗರಿನಿಂದ ನೂಲಿಗೆ ಬಣ್ಣ ಕಟ್ಟುವರು. ಹೊನ್ನೆಮರಡಿನ ಕಡ್ಡಿಗಳಿಗೆ ನೆರೆಹೊರೆಯ ಬಲವೇನೂ ಕಡಮೆಯಲ್ಲ.

ಚಿತ್ರವು ಹಿಂದಿರುಗಿ ಬಂದ ವಾರ ಉಪಾಧ್ಯಾಯರು ಆ ಮನೆಗೆ ಸಂಕೋಚದಿಂದಲೇ ಹೋದರು. ಯಾರೂ ಅದನ್ನು ಕುರಿತು ಮಾತೆತ್ತಲಿಲ್ಲ. ಭೂಮಿ ಹುಣ್ಣಿಮೆಗೆ ಬುಟ್ಟಿಯ ಕೆಲಸ ಆರಂಭವಾಗಿದ್ದಿತು; ಬುಟ್ಟಿಯ ಮೇಲೆ ಬರೆಯಬೇಕಾದುದನ್ನು ಹುಡುಗಿಯು ಮೊದಲು ಕಾಗದದ ಮೇಲೆ ಗೀರಿ ಅಜ್ಜಿಗೆ ತೋರಿಸುತ್ತಿದ್ದಳು. ತೆನೆಗಳ ಸಾಲಿನ ಆಚೆಗೆ ಅವಳು ತಾನಾಗಿಯೇ ನೀಲಿಯನ್ನು ಬಳಿದು, ಅದರಲ್ಲಿ ಬೋಳುಬೊಡ್ಡೆಗಳನ್ನು ನಿಲ್ಲಿಸಿದ್ದಳು. ಹಸೆಯಲ್ಲಿ ಹಾಗೆ ಬರೆಯುವ ವಾಡಿಕೆಯಿಲ್ಲ. ಅಜ್ಜಿಯು ಬಹಳ ಹೊತ್ತು ನೋಡಿ, ಒಂದು ಬೊಡ್ಡೆಯ ಮೇಲೆ ಬೆರಳಿಟ್ಟು, “ಇದು ನಮ್ಮ ಹಳೇ ಮನೆ ಹಿತ್ಲ ಹಲಸು” ಎಂದಳು.

ಬೆರಳಿಗೆ ಬಣ್ಣ ಹತ್ತಿತು, ಒಣಗದ ಎಣ್ಣೆಯಲ್ಲವೇ? ಇಷ್ಟು ಕಾಗದಗಳನ್ನು ಎಲ್ಲಿಡುವುದೆಂಬ ಮಾತು ಬಂದಿತು. ಅಟ್ಟದ ಮೇಲಿಟ್ಟರೆ ಬೂಷ್ಟು ಹಿಡಿಯದು, ಆದರೆ ಒಲೆಯ ಬಿಸಿಗೆ ಮೇಣ ಇಳಿದೀತು, ಕೆಳಗಿಟ್ಟರೆ ಶೀತ. ಸೊಸೆಯು ಎರಡು ಅಡಿಕೆಹಾಳೆಗಳನ್ನು ಚಪ್ಪಟೆಯಾಗಿ ಒತ್ತಿ ತಂದು, ಕಾಗದಗಳನ್ನು ಅವುಗಳ ನಡುವೆ ಸೇರಿಸಿ ಬಾಳೆಯ ನಾರಿನಿಂದ ಕಟ್ಟಿದಳು. ಅಜ್ಜಿಯು ಆ ಕಟ್ಟನ್ನು ಒಯ್ದು ಭತ್ತದ ಕಣಜದೊಳಗೆ ಇಳಿಬಿಟ್ಟಳು.